ಹದಿನೇಳನೇ ನಂಬರಿನ ಮಂಡಿ

ನನ್ನ ಬಲಗಾಲಿನ ಮಂಡಿ ಪುಸ್ತಕದಲ್ಲಿ ಅಚ್ಚಾಗಿದೆ. ಬೇಕಾದರೆ ಬನ್ನಿ, ತೋರಿಸುತ್ತೇನೆ. ಸಂಪುಟ ಮೂವತ್ತೊಂದು, ಪುಟ ಇನ್ನೂರ ನಾಲ್ಕು. ಆ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟಿದವನೂ ನಾನೇ, ಒಳಗಿರುವವನೂ ನಾನೇ. ಇಂಥ ಭಾಗ್ಯ ಎಷ್ಟು ಜನಕ್ಕೆ ಬಂದೀತು ಹೇಳಿ? ನನ್ನ ಶತ್ರುವಿಗೂ ಬರದಿರಲಿ ಅಂತ ದಿನಾ ಬೆಳಗ್ಗೆ ಎದ್ದ ಕೂಡಲೇ ಬೇಡಿಕೊಳ್ಳುತ್ತೇನೆ.

ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ ನಾನು ಬೈಂಡರ್. ಸಂಶೋಧನಾ ಪತ್ರಿಕೆಗಳು ತಿಂಗಳಿಗೊಂದರಂತೆ ಬಿಡಿಬಿಡಿಯಾಗಿ ಬರುತ್ತವೆ. ಹನ್ನೆರಡು ಸೇರಿದ ಮೇಲೆ ಹೊಲಿದು, ಗೋಂದು ಹಚ್ಚಿ, ರಟ್ಟು ಹಾಕಿ, ಬೆನ್ನಿಗೆ ಹೊಳೆಯುವ ಅಕ್ಷರ ಒತ್ತಿ ಮೇಲಕ್ಕೆ ಕಳಿಸುತ್ತೇನೆ. ಗೋಂದು ಒಣಗುವ ತನಕ ಏನು ಮಾಡುವುದು? ಓದುತ್ತೇನೆ. ಇಪ್ಪತ್ತಾರು ವರ್ಷದಿಂದ ಓದುತ್ತಿದ್ದೇನೆ. ನಕ್ಷತ್ರ, ನರ, ಕಂಪ್ಯೂಟರು, ಸಮಾಜ, ಯಾವುದನ್ನೂ ಬಿಟ್ಟವನಲ್ಲ. ಆದರೆ ಹಾಳು ಗೋಂದು ಬೇಗ ಒಣಗುತ್ತದೆ. ಹಾಗಾಗಿ ಪ್ರತಿ ಲೇಖನದಲ್ಲೂ ಮೊದಲ ಪ್ಯಾರಾ ಮಾತ್ರ ನನಗೆ ದಕ್ಕಿದ್ದು. ಮನುಷ್ಯನ ಜ್ಞಾನಕ್ಕೆ ಅಷ್ಟು ಧಾರಾಳವಾಗಿ ಸಾಕು ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೆ.

ಓದಿದ್ದು ಹೊಟ್ಟೆಯಲ್ಲಿ ನಿಲ್ಲಬೇಕಲ್ಲ! ನಮ್ಮ ಕಟ್ಟಡದ ಬಾಗಿಲಲ್ಲೇ ಮೊದಲನೇ ಮಹಡಿಯ ರಿಟೈರ್ಡ್ ಹೆಡ್‌ಮಾಸ್ಟರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. "ಸಂಶೋಧನೆ ಪ್ರಕಾರ ಬಹಳ ಹೊತ್ತು ಕೂತರೆ ಆಯಸ್ಸು ಕಮ್ಮಿ ಸಾರ್" ಅಂದೆ ಒಂದು ದಿನ. ಪಾಪ, ಎದ್ದು ನಿಂತರು. ಹದಿನೈದು ದಿನ ಬಿಟ್ಟು, "ಸಾರ್, ಬಹಳ ಹೊತ್ತು ನಿಂತರೂ ಕಮ್ಮಿಯಂತೆ" ಅಂದೆ.

"ಹಾಗಾದ್ರೆ ನೇತಾಡ್ಲೇನ್ರೀ?" ಅಂತ ರೇಗಿದರು.

ಅವತ್ತಿಗೆ ನನ್ನ ಅಪ್ಪ ಅಮ್ಮ ಇಟ್ಟ ಹೆಸರು ಕಟ್ಟಡದಲ್ಲಿ ಮುಗಿಯಿತು. ಎಲ್ಲರ ಬಾಯಲ್ಲೂ ನಾನು 'ಸಂಶೋಧನೆ'. ಹಾಲಿನವನು ಕೂಡ "ಸಂಶೋಧನೆಯವರ ಮನೆ ಯಾವ ಮಹಡಿ?" ಅಂತಲೇ ಕೇಳುತ್ತಿದ್ದ. ಅವರು ಗೇಲಿ ಮಾಡುತ್ತಿದ್ದಾರೆ ಅಂತ ನನ್ನ ಹೆಂಡತಿ ಹೇಳಿದಳು. ಬಿರುದು ಯಾರು ಕೊಟ್ಟರೇನು, ಬಿರುದು ಬಿರುದೇ ಅಂದೆ.

ನನ್ನ ಹೆಂಡತಿಗೆ ಮಾತ್ರ ವಿಜ್ಞಾನದ ಮೇಲೆ ಅಷ್ಟು ಭಕ್ತಿ ಇರಲಿಲ್ಲ. "ವಿಶ್ವ ದಿನದಿನಕ್ಕೂ ಹಿಗ್ತಾ ಇದೆ ಕಣೇ" ಅಂದರೆ, "ಹಿಗ್ಗಲಿ ಬಿಡಿ, ನಮ್ಮ ಮೆಟ್ಟಿಲು ಹಿಗ್ಗದಿದ್ರೆ ಸಾಕು" ಅನ್ನುತ್ತಿದ್ದಳು. "ಮುಖ ನೋಡಿ ಮನಸ್ಸಲ್ಲಿರೋದನ್ನ ಹೇಳೋ ಕಂಪ್ಯೂಟರ್ ಬಂದಿದೆಯಂತೆ" ಅಂದರೆ, "ಅದಕ್ಕೆ ಕಂಪ್ಯೂಟರ್ ಯಾಕ್ರೀ? ನಿಮ್ಮ ಮುಖ ನೋಡಿ ನಾನೇ ಹೇಳ್ತೀನಲ್ಲ" ಅನ್ನುತ್ತಿದ್ದಳು. ಮದುವೆಯಾದ ಗಂಡಸರು ಹೆಚ್ಚು ವರ್ಷ ಬದುಕುತ್ತಾರೆ ಅಂತ ಒಂದು ದಿನ ಖುಷಿಯಿಂದ ಹೇಳಿದೆ. "ಹೆಂಗಸರು?" ಅಂದಳು. ಅಷ್ಟರಲ್ಲಿ ಗೋಂದು ಒಣಗಿಬಿಟ್ಟಿತ್ತು, ನನಗೆ ಗೊತ್ತಿರಲಿಲ್ಲ.

ಮೆಟ್ಟಿಲಿನ ಮಾತು ಅವಳು ಸುಮ್ಮನೆ ಆಡಿದ್ದಲ್ಲ. ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ. ನಲವತ್ತೆಂಟು ಮೆಟ್ಟಿಲು. ಅವಳ ಬಲಮಂಡಿ ಸವೆದು ಎಲುಬಿಗೆ ಎಲುಬು ತಾಗುತ್ತಿತ್ತು. ಅದರ ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಹನ್ನೊಂದು ತಿಂಗಳಿಂದ ಅವಳು ಕೆಳಗೆ ಇಳಿದಿರಲಿಲ್ಲ. ಅವಳಿಗೆ ಬೇಕಾಗಿದ್ದು ದೊಡ್ಡದೇನಲ್ಲ. ಒಂದು ಸಲ ತಾನೇ ಮಾರ್ಕೆಟ್ಟಿಗೆ ಹೋಗಿ, ತಾನೇ ಕೈಯಾರೆ ಒತ್ತಿ ನೋಡಿ ಬದನೆಕಾಯಿ ಆರಿಸಬೇಕು. ಯಾಕೆಂದರೆ ನಾನು ತಂದ ಬದನೆಕಾಯಿ ಹೆಚ್ಚಿದರೆ ಒಳಗೆ ಹುಳ ಸಂಸಾರ ಹೂಡಿರುತ್ತಿತ್ತು. "ಪುಸ್ತಕದ ಬೆನ್ನು ಮುಟ್ಟಿ ಗೋಂದು ಒಣಗಿದೆಯಾ ಇಲ್ವಾ ಹೇಳ್ತೀರಂತೆ, ಒಂದು ಬದನೆಕಾಯಿ ಗೊತ್ತಾಗಲ್ವಲ್ರೀ!" ಅಂತ ಬೈಯುತ್ತಾ ಕಿಟಕಿಯಿಂದ ಕೆಳಗಿನ ರಸ್ತೆ ನೋಡುತ್ತಿದ್ದಳು.

ಹೀಗಿರುವಾಗ ಒಂದು ದಿನ ವೈದ್ಯಕೀಯ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು. ಸವೆದ ಮಂಡಿಗೆ ಹೊಸ ಮಾತ್ರೆ, ಪರೀಕ್ಷೆಗೆ ಇಪ್ಪತ್ತನಾಲ್ಕು ಜನ ಬೇಕು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಓಡಿದೆ. ಅಲ್ಲಿ ಒಬ್ಬ ಕಿರಿಯ ಡಾಕ್ಟರಮ್ಮ ಕೂತಿದ್ದರು. ಎಳೇ ವಯಸ್ಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು.

"ನಮ್ಮ ಮನೆಯವಳಿಗೆ ಮೇಡಂ" ಅಂದೆ.

"ಸಕ್ಕರೆ ಕಾಯಿಲೆ ಇದೆಯಾ ಅಂಕಲ್?"

"ಇದೆ."

"ಹಾಗಾದ್ರೆ ಈಗ ಆಗಲ್ಲ. ಲೆಕ್ಕ ಕೆಡುತ್ತೆ. ಈ ಸುತ್ತು ಮುಗೀಲಿ, ಆಮೇಲೆ..." ಅಂತ ಏನೋ ಹೇಳುತ್ತಾ ಹೋದರು. ಆಮೇಲಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮೊದಲ ಪ್ಯಾರಾದವನು ತಾನೆ ನಾನು! 'ಆಗಲ್ಲ' ಅನ್ನುವಲ್ಲಿಗೆ ನನ್ನ ಓದು ಮುಗಿದಿತ್ತು.

ಮಾರನೇ ದಿನ ಕುಂಟುತ್ತಾ ಹೋದೆ. "ನಂಗೂ ಮಂಡಿ ನೋವು ಮೇಡಂ. ನಿನ್ನೆ ಹೇಳೋಕೆ ಸಂಕೋಚ ಆಯ್ತು."

ನನ್ನ ಗ್ರಹಚಾರಕ್ಕೆ ಅವರ ಎಕ್ಸ್‌ರೇ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. "ಈಚೆಗೆ ತೆಗೆಸಿದ ಫಿಲಂ ಇದ್ರೆ ತನ್ನಿ, ನಡೆಯುತ್ತೆ" ಅಂದರು. ಮನೆಯಲ್ಲಿ ಹೆಂಡತಿಯ ಫಿಲಂ ಇತ್ತು. ಅದರ ಮೂಲೆಯ ಚೀಟಿಯಲ್ಲಿ ಅವಳ ಹೆಸರು. ನಾನು ನನ್ನ ಹೆಸರಿನ ಚೀಟಿ ಬರೆದು ಅದರ ಮೇಲೆ ಅಂಟಿಸಿದೆ. ಬೈಂಡರ್ ಅಂಟಿಸಿದ್ದು ಅಂದರೆ ಸುಮ್ಮನೇನಾ? ಬೆರಳು ಸವರಿದರೂ ಅಂಚು ಸಿಗಬಾರದು. ಇಪ್ಪತ್ತಾರು ವರ್ಷದ ಸರ್ವಿಸ್ಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಇನ್ನೊಂದು ಮಾಡಿಲ್ಲ.

ಡಾಕ್ಟರಮ್ಮ ಫಿಲಂ ಬೆಳಕಿಗೆ ಹಿಡಿದು, "ಅಯ್ಯೋ ಪಾಪ, ಇದರಲ್ಲಿ ಹೇಗೆ ನಡೀತೀರಿ ಅಂಕಲ್?" ಅಂದರು. ಮಂಡಿ ಒತ್ತಿ ನೋಡಿದರು. ಒತ್ತಿದಲ್ಲೆಲ್ಲ "ಅಮ್ಮಾ" ಅಂದೆ. ನಾಲ್ಕು ಪುಟದ ಕಾಗದ ಕೊಟ್ಟು ಓದಿ ಸಹಿ ಮಾಡಿ ಅಂದರು. ಮೊದಲ ಪ್ಯಾರಾ ಓದಿ ಸಹಿ ಹಾಕಿದೆ. ಹನ್ನೆರಡು ವಾರದ ಮಾತ್ರೆಯ ಡಬ್ಬಿ ಕೊಟ್ಟರು. ಅದರ ಮೇಲೆ ಹದಿನೇಳು ಅಂತ ಬರೆದಿತ್ತು.

"ನಮ್ಮ ಆಫೀಸಿನವರ ಮನೆಯವರಿಗೆ ಅಂತ ಕೊಟ್ಟಿದ್ದಾರೆ. ದಿನಕ್ಕೆ ಎರಡು" ಅಂತ ಹೆಂಡತಿಯ ಕೈಗೆ ಡಬ್ಬಿ ಇಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ನುಂಗಿದಳು.

ಪ್ರತಿ ಸೋಮವಾರ ಡಾಕ್ಟರಮ್ಮನ ಮುಂದೆ ಹಾಜರಿ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಪ್ರಾಣ ಹೋಗುವಷ್ಟು, ಇವತ್ತು ನೋವು ಎಷ್ಟು ಅಂತ ಕೇಳುವರು. ನಾನು ಭಾನುವಾರವೇ ಹೆಂಡತಿಯನ್ನು ಕೇಳಿಟ್ಟುಕೊಂಡಿರುತ್ತಿದ್ದೆ. ಮೊದಲ ಭಾನುವಾರ "ಒಂಬತ್ತು" ಅಂದಳು. ಸೋಮವಾರ ಅಲ್ಲಿ ಒಂಬತ್ತು ಅಂದೆ. ಮುಂದಿನ ವಾರ ಎಂಟು. ಆಮೇಲೆ ಏಳು. ನನ್ನ ಖುಷಿಗೆ ಪಾರವೇ ಇಲ್ಲ! ಖುಷಿಯಲ್ಲಿ ಯಾವ ಕಾಲು ಕುಂಟಬೇಕು ಅನ್ನುವುದೇ ಮರೆತುಹೋಗುತ್ತಿತ್ತು.

"ಅಂಕಲ್, ಹೋದ ವಾರ ಬಲಗಾಲಲ್ವಾ?"

"ಜೊತೇಲೇ ಹುಟ್ಟಿದ್ದಲ್ವಾ ಮೇಡಂ, ಅದರ ನೋವು ನೋಡಿ ಇದಕ್ಕೂ ಸಂಕಟ" ಅಂದೆ. ಅದನ್ನೂ ಬರೆದುಕೊಂಡರು, ಪುಣ್ಯಾತ್ಮೆ.

ಹತ್ತನೇ ವಾರ ಹೆಂಡತಿ "ಎರಡು" ಅಂದಳು. ನಾನು ಎದ್ದು ನಿಂತು ಚೀಲ ತೆಗೆದುಕೊಂಡೆ. "ನಡಿ ಮಾರ್ಕೆಟ್ಟಿಗೆ!"

"ಇವತ್ತು ಬೇಡ ರೀ, ಬಿಸಿಲು" ಅಂದಳು. ಮುಂದಿನ ಭಾನುವಾರವೂ ಎರಡೇ. "ಇವತ್ತು ಬೇಡ, ಮೋಡ ಕವಿದಿದೆ" ಅಂದಳು. ಹೆಂಗಸರ ಹವಾಮಾನ ಶಾಸ್ತ್ರವೇ ಬೇರೆ ಅಂದುಕೊಂಡು ನಾನೇ ಹೋಗಿ ಬದನೆಕಾಯಿ ತಂದೆ. ಹುಳ ಇತ್ತು.

ಹನ್ನೆರಡು ವಾರ ಮುಗಿಯಿತು. ಅಷ್ಟರಲ್ಲಿ ಎಕ್ಸ್‌ರೇ ಯಂತ್ರವೂ ರಿಪೇರಿಯಾಗಿ ಬಂದು ಕೂತಿತ್ತು. ಈ ಸಲ ಫಿಲಂ ಮನೆಯಿಂದ ತರುವ ಹಾಗಿಲ್ಲ. ನನ್ನ ಸ್ವಂತ ಮಂಡಿಯನ್ನೇ ಒಡ್ಡಬೇಕು. ಒಡ್ಡಿದೆ. ನನ್ನ ಮಂಡಿ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ದಿನಾ ನಲವತ್ತೆಂಟು ಮೆಟ್ಟಿಲು ಹತ್ತಿ ಇಳಿದ ಮಂಡಿ ಅದು, ಕಬ್ಬಿಣ.

ಎರಡೂ ಫಿಲಂ ಪಕ್ಕಪಕ್ಕ ಇಟ್ಟು ನೋಡಿದ ಡಾಕ್ಟರಮ್ಮ ಕುರ್ಚಿ ಬಿಟ್ಟು ಎದ್ದರು. ಹಿರಿಯ ಡಾಕ್ಟರನ್ನು ಕರೆತಂದರು. ಹಿರಿಯರು ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು.

"ಮಧ್ಯದ ಮೆತ್ತೆ ಪೂರ್ತಿ ಬೆಳೆದಿದೆಯಲ್ಲಮ್ಮಾ!"

"ಎಲುಬು ಕೂಡ ಮೊದಲಿಗಿಂತ ದಪ್ಪ ಆಗಿದೆ ಸಾರ್" ಅಂದರು ಡಾಕ್ಟರಮ್ಮ, ಅನುಮಾನದಿಂದ.

"ಆಗಲೇಬೇಕು! ಬೆಳವಣಿಗೆ ಅಂದ ಮೇಲೆ ಎಲ್ಲ ಕಡೆ ಬೆಳೀಬೇಕು!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಕಟ್ಟಿದ್ದಷ್ಟೇ ಅಲ್ಲ, ಕರುವಿಗೆ ಹೆಸರನ್ನೂ ಇಟ್ಟರು. "ಸಾರ್, ಆ ಹಳೇ ಫಿಲಂ ಇದೆಯಲ್ಲ, ಅದು..." ಅಂತ ಶುರು ಮಾಡಿದೆ.

"ಹಳೇದನ್ನ ಮರೆತುಬಿಡಿ! ಇನ್ನು ಹೊಸ ಜೀವನ!" ಅಂತ ಬೆನ್ನು ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ಕೃತಜ್ಞತೆ ಅಂದುಕೊಂಡರು.

ಯಾರಿಗೆ ಯಾವ ಡಬ್ಬಿ ಅನ್ನುವ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿರುತ್ತದಂತೆ, ಅದನ್ನು ಒಡೆಯುವ ತನಕ ಯಾರೂ ಬಾಯಿ ಬಿಡುವ ಹಾಗಿಲ್ಲವಂತೆ. ಡಾಕ್ಟರಮ್ಮ ಹಾಗಂತ ಎಷ್ಟು ಹೇಳಿದರೂ ಹಿರಿಯರು ಕೇಳಲಿಲ್ಲ. ಅಂದೇ ಪೇಪರಿನವರನ್ನು ಕರೆಸಿದರು. 'ಸವೆದ ಮಂಡಿ ಚಿಗುರಿತು!' ಅಂತ ಬಂತು. ನನ್ನ ಪ್ಯಾಂಟು ಮಡಚಿದ ಫೋಟೋ. ಮುಖಕ್ಕಿಂತ ಮಂಡಿಯೇ ಚೆನ್ನಾಗಿ ಬಿದ್ದಿತ್ತು.

ಹೆಡ್‌ಮಾಸ್ಟರು ಕುರ್ಚಿ ಬಿಟ್ಟು ಎದ್ದರು, ಸಂಶೋಧನೆಯ ಭಯದಿಂದಲ್ಲ, ಗೌರವದಿಂದ. "ಏನ್ರೀ ಸಂಶೋಧನೆ, ಒಂದು ಸಲ ಮುಟ್ಟಿ ನೋಡ್ಲಾ?" ಮುಟ್ಟಿದರು. ಅವರ ಹೆಂಡತಿ ಮುಟ್ಟಿದರು. ಎರಡನೇ ಮಹಡಿಯವರು ಮಕ್ಕಳುಮರಿ ಸಮೇತ ಬಂದು ಮುಟ್ಟಿದರು. ಹೆಂಡತಿಯ ಅಕ್ಕ ಫೋನ್ ಮಾಡಿ, "ಇಷ್ಟು ದಿನ ಮಂಡಿ ನೋವು ಅಂತ ನಮಗೊಂದು ಮಾತು ಹೇಳಲಿಲ್ವಲ್ಲ, ನಾವೇನು ಪರಕೀಯರಾ?" ಅಂತ ಅತ್ತರು. ಹೆಡ್‌ಮಾಸ್ಟರು ಮೆಟ್ಟಿಲ ಬುಡದಲ್ಲಿ ನಿಂತು ಪೇಪರನ್ನು ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದರು. ಮೂರನೇ ಮಹಡಿಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ನನ್ನ ಹೆಂಡತಿಗೆ ಪ್ರತಿ ಅಕ್ಷರ ಕೇಳಿಸಿತು.

ಮೇಲೆ ಹೋದೆ. "ರೀ, ನಿಮಗೆ ಯಾವಾಗ ಮಂಡಿ ನೋವು ಬಂದಿತ್ತು?" ಅಂದಳು.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂತ ತಲೆ ತಗ್ಗಿಸಿ ಕೂತಿದ್ದೆ. ಬೈಯಲಿಲ್ಲ. "ಆ ಹುಡುಗಿ ಕೆಲಸ ಹಾಳಾಗುತ್ತೆ ರೀ. ಹೋಗಿ ನಿಜ ಹೇಳಿಬಿಡಿ" ಅಂದಳು.

"ಸೋಮವಾರ ಹೇಳ್ತೀನಿ" ಅಂದೆ.

ಸೋಮವಾರ ಹೋದೆ. ಸೋಮವಾರವೇ ಲಕೋಟೆ ಒಡೆಯುವ ದಿನವಂತೆ. ಮಾತ್ರೆ ಕಂಪನಿಯವರು ನಾಲ್ಕು ಜನ ಬಂದು ಸಾಲಾಗಿ ಕೂತಿದ್ದರು. ಹಿರಿಯ ಡಾಕ್ಟರು ನನ್ನನ್ನೂ ಎಳೆದು ಕೂರಿಸಿದರು, ಪ್ರದರ್ಶನಕ್ಕೆ. ಬಾಯಿ ತೆರೆಯುವಷ್ಟರಲ್ಲಿ ಲಕೋಟೆ ಹರಿದೇಬಿಟ್ಟರು.

ಹದಿನೇಳನೇ ನಂಬರು: ಹಿಟ್ಟು.

"ಹಿಟ್ಟಾ?" ಅಂದೆ.

"ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ ಅಂಕಲ್. ಹೋಲಿಸಿ ನೋಡೋಕೆ" ಅಂದರು ಡಾಕ್ಟರಮ್ಮ. "ನೀವು ಸಹಿ ಮಾಡಿದ ಕಾಗದದಲ್ಲಿತ್ತಲ್ಲ. ಮೂರನೇ ಪುಟ."

ಲೆಕ್ಕ ಹಾಕಿದರು. ನಿಜವಾದ ಮಾತ್ರೆ ತಿಂದ ಹನ್ನೆರಡು ಜನರಲ್ಲೂ ಮಂಡಿಯ ಮೆತ್ತೆ ಕೂದಲೆಳೆಯಷ್ಟು ಬೆಳೆದಿತ್ತು. ಒಬ್ಬೊಬ್ಬರಿಗೂ ಬೆಳೆದಿತ್ತು. ಹಿಟ್ಟು ತಿಂದ ಹನ್ನೊಂದು ಜನಕ್ಕೆ ಸೊನ್ನೆ. ಹನ್ನೆರಡನೆಯವನು ನಾನು. ಹನ್ನೊಂದು ಸೊನ್ನೆಗಳನ್ನು ನನ್ನ ಒಂದು ಮಂಡಿ ಹೊತ್ತುಕೊಂಡು ಮೇಲೆ ಹತ್ತಿಬಿಟ್ಟಿತು. ಸರಾಸರಿಯಲ್ಲಿ ಹಿಟ್ಟು ಗೆದ್ದಿತು, ಮಾತ್ರೆ ಸೋತಿತು. ಕಂಪನಿಯವರು ಹಿಟ್ಟಿಗಿಂತ ಕಡೆಯಾದ ಮಾತ್ರೆ ನಮಗೆ ಬೇಡ ಅಂತ ಬ್ಯಾಗು ಎತ್ತಿಕೊಂಡು ಹೊರಟೇಹೋದರು. ನಾನು ಅವರ ಹಿಂದೆ ಬಾಗಿಲ ತನಕ ಓಡಿದೆ, ಕುಂಟದೆ.

ಆಮೇಲೆ ಡಾಕ್ಟರಮ್ಮನ ಕೋಣೆಗೆ ಹೋಗಿ, ಬಿಸಿನೀರು ಕೇಳಿ ತರಿಸಿಕೊಂಡು, ಆವಿ ಹಿಡಿದು ಹಳೇ ಫಿಲಮ್ಮಿನ ಚೀಟಿ ಎಬ್ಬಿಸಿ ತೋರಿಸಿದೆ. ಕೆಳಗೆ ನನ್ನ ಹೆಂಡತಿಯ ಹೆಸರು. ಅವರು ಅದನ್ನೇ ನೋಡುತ್ತಾ ಕೂತರು.

"ಮೂರು ವರ್ಷದ ಕೆಲಸ ಅಂಕಲ್ ಇದು. ಹೋಗ್ಲಿ, ನಂದು ಬಿಡಿ. ನಾನು ಅವತ್ತೇ ಹೇಳಿದ್ನಲ್ಲ ನಿಮಗೆ?"

"ಏನಂತ ಮೇಡಂ?"

"ಈ ಸುತ್ತು ಗೆದ್ರೆ ಮುಂದಿನ ಸುತ್ತು ಸಕ್ಕರೆ ಕಾಯಿಲೆ ಇರೋರಿಗೇ ಅಂತ. ನಿಮ್ಮ ಮನೆಯವರ ಹೆಸರನ್ನ ಮೊದಲನೇದಾಗಿ ಬರ್ಕೊಂಡಿದ್ದೆ." ಪುಸ್ತಕ ತಿರುಗಿಸಿ ತೋರಿಸಿದರು. ಬರೆದಿತ್ತು.

ಅಯ್ಯೋ ದೇವರೇ, ನಾಲ್ಕು ತಿಂಗಳು ಕಾದಿದ್ದರೆ ಆಗುತ್ತಿತ್ತು! ಕೈಗೆ ಬಂದ ತುತ್ತನ್ನು ಬಾಯಿಗೆ ಬರದ ಹಾಗೆ ಬೇರೆ ಯಾರೂ ತಪ್ಪಿಸಲಿಲ್ಲ, ನಾನೇ ತಪ್ಪಿಸಿದೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ಅಲ್ಲಿ ಗೋಡೆ ತುಂಬ ನನ್ನ ಮಂಡಿಯ ಫೋಟೋ ಅಂಟಿಸಿದ್ದರು.

ಹಿರಿಯ ಡಾಕ್ಟರ ಹತ್ತಿರ ಓಡಿದೆವು. ಅವರು ಎಲ್ಲ ಕೇಳಿ, ಎದ್ದು ಬಾಗಿಲು ಹಾಕಿ ಬಂದರು.

"ನೋಡಿ ಇವರೇ. ಈಗ ನೀವು ಬಾಯಿ ಬಿಟ್ರೆ, ನಾನು ಹೆಂಗಸಿನ ಮಂಡಿಗೂ ಗಂಡಸಿನ ಮಂಡಿಗೂ ವ್ಯತ್ಯಾಸ ಗೊತ್ತಿಲ್ಲದ ಡಾಕ್ಟರು. ಬಾಯಿ ಮುಚ್ಚಿದ್ರೆ, ಬರೀ ನಂಬಿಕೆಯಿಂದ ಮಂಡಿ ಬೆಳೆಯುತ್ತೆ ಅಂತ ಕಂಡುಹಿಡಿದ ಡಾಕ್ಟರು. ನೀವೇ ಹೇಳಿ, ವಿಜ್ಞಾನಕ್ಕೆ ಯಾವುದು ಒಳ್ಳೇದು?"

ಡಾಕ್ಟರಮ್ಮ ಅವರ ಮಾತು ಕೇಳದೆ ಕಂಪನಿಗೆ ಪತ್ರ ಬರೆದರು. ಕಡತ ಮುಚ್ಚಲಾಗಿದೆ ಅಂತ ಒಂದು ಸಾಲಿನ ಉತ್ತರ ಬಂತು. ಒಂದು ತಿಂಗಳಲ್ಲಿ ಅವರು ಬೇರೆ ಊರಿನ ಕೆಲಸಕ್ಕೆ ಹೊರಟುಹೋದರು. ಹೋಗುವ ಮುಂಚೆ ನೆಲಮಾಳಿಗೆಗೆ ಬಂದು, "ಆಂಟಿ ಹೇಗಿದ್ದಾರೆ?" ಅಂತ ಕೇಳಿದರು. ಆ ಒಂದು ಮಾತಿನ ಬದಲು ಕಪಾಳಕ್ಕೆ ಹೊಡೆದಿದ್ದರೆ ನನಗೆ ಸಮಾಧಾನವಾಗಿರುತ್ತಿತ್ತು.

ಹಿರಿಯರ ಲೇಖನ ಅಚ್ಚಾಯಿತು. ಐವತ್ತನಾಲ್ಕು ವರ್ಷದ ಒಬ್ಬ ಗಂಡಸು, ಬರೀ ನಂಬಿಕೆ, ಬೆಳೆದ ಮಂಡಿ. ಪೇಪರಿನವರು ಅದನ್ನೂ ಹಾಕಿದರು. ವರ್ಷ ತುಂಬಿ ಆ ಸಂಚಿಕೆ ನನ್ನ ಮೇಜಿಗೇ ಬಂತು. ಹೊಲಿದೆ. ಹೊಲಿಗೆ ನೆಟ್ಟಗೆ ಬರಲಿಲ್ಲ, ಬಿಚ್ಚಿ ಮತ್ತೆ ಹೊಲಿದೆ. ಅವತ್ತು ಮಾತ್ರ ಗೋಂದು ಒಣಗಲು ಬಹಳ ಹೊತ್ತು ಹಿಡಿಯಿತು. ಜೀವಮಾನದಲ್ಲಿ ಮೊದಲ ಸಲ ಒಂದು ಲೇಖನವನ್ನು ಕೊನೆಯ ಸಾಲಿನವರೆಗೆ ಓದಿದೆ.

ಅದೇ ಸಾಯಂಕಾಲ ಮನೆಗೆ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಇಪ್ಪತ್ತೊಂಬತ್ತನೇ ಮೆಟ್ಟಿಲಿನ ಹತ್ತಿರ ನನ್ನ ಹೆಂಡತಿ ಕೂತಿದ್ದಳು. ಒಬ್ಬಳೇ. ತೊಡೆಯ ಮೇಲೆ ಖಾಲಿ ತರಕಾರಿ ಚೀಲ.

"ಏನೇ ಇದು! ಇಲ್ಲಿಗೆ ಹೇಗೆ ಬಂದೆ?"

"ಇಳಿದೆ" ಅಂದಳು. "ಮಧ್ಯಾಹ್ನ ಹೆಡ್‌ಮಾಸ್ಟರ ಹೆಂಡತಿ ಬಂದಿದ್ರು. ನಂಬಿಕೆ ಇದ್ದೋರಿಗೆ ಮಂಡಿ ಬೆಳೆಯುತ್ತೆ, ನಿಮ್ಮ ಯಜಮಾನರಿಗೆ ಬೆಳೀಲಿಲ್ವಾ, ನಿಮಗೆ ನಂಬಿಕೆ ಸಾಲದು ಅಂದ್ರು. ಅವರಿಗೇನು ಗೊತ್ತು, ಪಾಪ. ಆದ್ರೂ ಒಂದು ಸಲ ನೋಡೋಣ ಅಂತ ನಂಬಿಕೊಂಡು ಇಳಿದೆ. ಇಲ್ಲಿಗೆ ಬರೋಷ್ಟರಲ್ಲಿ ಕಾಲು ಬರಲ್ಲ ಅಂತು."

"ಎಷ್ಟು ಹೊತ್ತಾಯ್ತು?"

"ಆಯ್ತು ಸುಮಾರು ಹೊತ್ತು. ಕೂಗಿದ್ರೆ ಹೆಡ್‌ಮಾಸ್ಟರು ಬರ್ತಿದ್ರು. ಬಂದ್ರೆ ಮತ್ತೆ ನಂಬಿಕೆ ಪಾಠ ಶುರು. ಅದಕ್ಕೇ ಸುಮ್ಮನೆ ಕೂತೆ."

ನಾನೂ ಪಕ್ಕದಲ್ಲಿ ಕೂತೆ. ಕಣ್ಣು ತುಂಬಿ ಬಂತು. "ತಪ್ಪಾಯ್ತು ಕಣೇ. ಆದ್ರೆ ಬರೀ ಹಿಟ್ಟಿನಲ್ಲೂ ನಿನಗೆ ಒಂಬತ್ತರಿಂದ ಎರಡಕ್ಕೆ ಇಳೀತಲ್ಲ? ಅದೊಂದೇ ನನಗೆ ಸಮಾಧಾನ" ಅಂದೆ.

ಅವಳು ಚೀಲದ ಹಿಡಿ ಸುತ್ತುತ್ತಾ ಇದ್ದಳು. "ಮೊದಲ ವಾರ ಒಂಬತ್ತು ಅಂದೆ. ನಿಮ್ಮ ಮುಖ ಇಷ್ಟೇ ಇಷ್ಟು ಆಯ್ತು, ಊಟಾನೂ ಸೇರಲಿಲ್ಲ. ಮುಂದಿನ ವಾರ ಎಂಟು ಅಂದೆ, ಹೊಟ್ಟೆ ತುಂಬ ಉಂಡ್ರಿ. ಆಮೇಲೆ ಹಾಗೇ ಇಳಿಸ್ತಾ ಹೋದೆ."

"ಅಂದ್ರೆ?"

"ಒಂಬತ್ತೇ ಇತ್ತು ರೀ. ಒಂದು ದಿನವೂ ಎಂಟಾಗಲಿಲ್ಲ."

ಕೆಳಗೆ ಹೆಡ್‌ಮಾಸ್ಟರು ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಎದ್ದು, ಅವಳ ತೋಳು ನನ್ನ ಹೆಗಲ ಮೇಲೆ ಹಾಕಿಕೊಂಡು, ಮೆಲ್ಲಗೆ ಎಬ್ಬಿಸಿದೆ. ಒಂದು ಮೆಟ್ಟಿಲು ಹತ್ತಿಸಿದೆ. ಅವಳ ಉಗುರು ನನ್ನ ಹೆಗಲಿಗೆ ನಾಟಿತು.

"ಈಗ ಎಷ್ಟು?" ಅಂದೆ. ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

ಅವಳು ತಿರುಗಿ ನನ್ನ ಮುಖ ನೋಡಿದಳು.

"ಎರಡು" ಅಂದಳು.

ಇನ್ನೂ ಹದಿನೆಂಟು ಮೆಟ್ಟಿಲು ಇತ್ತು.